ಉರಿಯುವ ಲ್ಯಾಂಕಾಸ್ಟರ್‌ನ ಹಿಂಬದಿಯಲ್ಲಿ: ಗನ್ನರ್ ಆಂಡ್ರ್ಯೂ ಮಿನಾರ್ಸ್ಕಿಯ ಬದುಕು ಮತ್ತು ಸಾವು

1944ರ ಜೂನ್ 13ರ ಬೆಳಗಿನ ಜಾವಕ್ಕೆ ಮುನ್ನ, ಉತ್ತರ ಫ್ರಾನ್ಸಿನ ಕಾಂಬ್ರೆ ಪಟ್ಟಣದ ರೈಲ್ವೆ ಯಾರ್ಡಿಗೆ ಬಾಂಬ್ ಹಾಕಲು ಹೊರಟಿದ್ದ ಕೆನಡಾ ವಾಯುಪಡೆಯ ಲ್ಯಾಂಕಾಸ್ಟರ್ ಬಾಂಬರ್ ವಿಮಾನವೊಂದು ಜರ್ಮನ್ ಫೈಟರ್ ವಿಮಾನದ ಗುಂಡಿಗೆ ಸಿಕ್ಕಿ ಹೊತ್ತಿಕೊಂಡಿತು. ಅದರಲ್ಲಿ ಏಳು ಮಂದಿ ಇದ್ದರು. ಮುಂಭಾಗದಲ್ಲಿದ್ದ ಐವರು ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿದು ಬದುಕಿದರು. ಹಿಂಭಾಗದಲ್ಲಿದ್ದ ಇಬ್ಬರು ಗನ್ನರುಗಳ, ಅಂದರೆ ಮೆಷಿನ್‌ಗನ್ ನಡೆಸುವವರ, ಪೈಕಿ ಬಾಗಿಲಿನ ಹತ್ತಿರವೇ ಇದ್ದು ಯಾವ ಅಡ್ಡಿಯೂ ಇಲ್ಲದೆ ಜಿಗಿಯಬಹುದಾಗಿದ್ದ ಆಂಡ್ರ್ಯೂ ಚಾರ್ಲ್ಸ್ ಮಿನಾರ್ಸ್ಕಿ ಸತ್ತರು. ಹೊರಬರಲಾಗದೆ ವಿಮಾನದ ಜೊತೆಗೇ ನೆಲಕ್ಕಪ್ಪಳಿಸಿದ ಪ್ಯಾಟ್ ಬ್ರೋಫಿ ಬದುಕಿದರು. ಗೆಳೆಯನನ್ನು ಬಿಡಿಸಲು ಬೆಂಕಿಯೊಳಗೆ ತೆವಳಿ ಹೋದದ್ದಕ್ಕಾಗಿ ಮಿನಾರ್ಸ್ಕಿಯವರಿಗೆ ಮರಣೋತ್ತರವಾಗಿ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಕೊಡಲಾಯಿತು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಧೈರ್ಯದ ಕಥೆಯಾಗಿ ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಹಾಗೆ ಹೇಳಿದಾಗ ಕೆಲವು ಪ್ರಶ್ನೆಗಳು ಹಾಗೆಯೇ ಉಳಿದುಬಿಡುತ್ತವೆ. ತಾನು ಕೂತ ಜಾಗದಿಂದ ಒಬ್ಬ ಗನ್ನರ್ ಹೊರಗೆ ಬರಲಾರದಂತೆ ಏಕಾಯಿತು? ಉಳಿದ ಐವರು ಹಿಂದಿನವರ ನೆರವಿಗೆ ಏಕೆ ಬರಲಿಲ್ಲ? ವಿಮಾನದಲ್ಲಿ ಹೊತ್ತಿ ಉರಿದದ್ದು ಏನು? ಮತ್ತು, ಕತ್ತಲಲ್ಲಿ ಬಿದ್ದು ಚೂರಾದ ವಿಮಾನದೊಳಗೆ ನಡೆದದ್ದು ಹೊರಗಿನವರಿಗೆ ತಿಳಿದದ್ದಾದರೂ ಹೇಗೆ? ಈ ಪ್ರಶ್ನೆಗಳಿಗೆ ಉತ್ತರ ಇರುವುದು ಲ್ಯಾಂಕಾಸ್ಟರ್ ವಿಮಾನದ ರಚನೆಯಲ್ಲಿ, ಅದರೊಳಗಿನ ಕೆಲಸದ ಹಂಚಿಕೆಯಲ್ಲಿ ಮತ್ತು ಆ ಜೂನ್ ತಿಂಗಳ ಯುದ್ಧದ ಸ್ಥಿತಿಯಲ್ಲಿ. ಅವುಗಳನ್ನು ಅರಿತ ಮೇಲೆ ಮಿನಾರ್ಸ್ಕಿ ಮಾಡಿದ ಕೆಲಸವನ್ನು ಹೊಗಳುವ ವಿಶೇಷಣಗಳು ಬೇಕಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮಿನಾರ್ಸ್ಕಿ ಹುಟ್ಟಿದ್ದು 1916ರ ಅಕ್ಟೋಬರ್ 14ರಂದು, ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ವಿನಿಪೆಗ್ ನಗರದಲ್ಲಿ. ತಂದೆತಾಯಿ ಪೋಲೆಂಡಿನಿಂದ ವಲಸೆ ಬಂದವರು. ಮಿನಾರ್ಸ್ಕಿ ಹದಿಹರೆಯದಲ್ಲಿದ್ದಾಗಲೇ ತಂದೆ ತೀರಿಕೊಂಡಿದ್ದರಿಂದ ದೊಡ್ಡ ಸಂಸಾರದ ಭಾರಕ್ಕೆ ಅವರೂ ಹೆಗಲು ಕೊಡಬೇಕಾಯಿತು. ತುಪ್ಪಳದ ಉಡುಪು ತಯಾರಿಸುವವರ ಬಳಿ ಮೆದುಚರ್ಮ ಕತ್ತರಿಸುವ ಕೆಲಸಕ್ಕೆ ಸೇರಿದರು. ಬಿಡುವಿನಲ್ಲಿ ಮರಗೆಲಸ ಮಾಡುತ್ತಿದ್ದರು. ಇಷ್ಟನ್ನು ಬಿಟ್ಟರೆ ಯುದ್ಧಕ್ಕೆ ಮುಂಚಿನ ಅವರ ಬದುಕಿನಲ್ಲಿ ಎದ್ದು ಕಾಣುವಂಥದ್ದು ಹೆಚ್ಚೇನೂ ಇಲ್ಲ. ಬಾಂಬರ್ ವಿಮಾನಗಳನ್ನು ತುಂಬಿದ ಬಹುಪಾಲು ತರುಣರ ಕಥೆಯೂ ಹೀಗೆಯೇ ಇತ್ತು: ಗುಮಾಸ್ತರು, ಅಂಗಡಿಯ ಸಹಾಯಕರು, ಕಾರ್ಖಾನೆಯ ಕೆಲಸಗಾರರು, ಆಗಷ್ಟೇ ಶಾಲೆ ಮುಗಿಸಿದವರು.

1941ರಲ್ಲಿ ಅವರು ರಾಯಲ್ ಕೆನೇಡಿಯನ್ ಏರ್ ಫೋರ್ಸ್ ಸೇರಿದರು. 1939ರ ಡಿಸೆಂಬರಿನಲ್ಲಿ ಆದ ಒಪ್ಪಂದದಂತೆ ಕೆನಡಾ ಆಗ ಕಾಮನ್‌ವೆಲ್ತ್ ದೇಶಗಳ ವಿಮಾನ ಸಿಬ್ಬಂದಿಯ ತರಬೇತಿಯ ದೊಡ್ಡ ಕೇಂದ್ರವಾಗಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಅಲ್ಲಿ ತರಬೇತಿ ಪಡೆದವರ ಸಂಖ್ಯೆ 1,30,000 ದಾಟಿತ್ತು. ಮಿನಾರ್ಸ್ಕಿಯವರನ್ನು ಮೊದಲು ವೈರ್‌ಲೆಸ್ ಕಲಿಯಲು ಕ್ಯಾಲ್ಗರಿಗೆ ಕಳಿಸಿದರು. ಮೋರ್ಸ್ ಸಂಕೇತ ಅವರಿಗೆ ಒಲಿಯಲಿಲ್ಲ. ಹಾಗಾಗಿ ಮ್ಯಾನಿಟೋಬಾದ ಬಾಂಬಿಂಗ್ ಮತ್ತು ಗನ್ನರಿ ಶಾಲೆಗೆ ಹೋಗಿ ಏರ್ ಗನ್ನರ್ ಆದರು. ಗನ್ನರ್ ತರಬೇತಿಯ ಅವಧಿ ಉಳಿದ ಕೆಲಸಗಳದ್ದಕ್ಕಿಂತ ಕಡಿಮೆ; ಪೈಲಟ್ ಅಥವಾ ದಾರಿ ಗುರುತಿಸುವ ನ್ಯಾವಿಗೇಟರ್ ಆಗುವವರು ತಿಂಗಳುಗಟ್ಟಲೆ ಓದಿ ಪರೀಕ್ಷೆ ಕೊಡುತ್ತಿದ್ದಾಗ, ಗನ್ನರುಗಳು ಕೆಲವೇ ವಾರಗಳಲ್ಲಿ ತಯಾರಾಗುತ್ತಿದ್ದರು. ಸೈನ್ಯದ ಲೆಕ್ಕದಲ್ಲಿ ಗನ್ನರುಗಳಲ್ಲಿ ಹೆಚ್ಚಿನವರ ದರ್ಜೆಯೂ ಅಧಿಕಾರಿಗಳದ್ದಕ್ಕಿಂತ ಕೆಳಗಿರುತ್ತಿತ್ತು. ಕೊನೆಯ ರಾತ್ರಿಯ ಒಂದು ಸಂಗತಿ ಅರ್ಥವಾಗಬೇಕಾದರೆ ದರ್ಜೆಯ ಈ ವಿಷಯವನ್ನು ನೆನಪಿಟ್ಟುಕೊಳ್ಳಬೇಕು.

ಅವರು ಇಂಗ್ಲೆಂಡ್ ತಲುಪಿ, 1944ರ ವಸಂತದಲ್ಲಿ 419ನೇ ಸ್ಕ್ವಾಡ್ರನ್ (ವಿಮಾನ ದಳ) ಸೇರಿದರು. ಕೌಂಟಿ ಡರಮ್‌ನ ಮಿಡ್ಲ್‌ಟನ್ ಸೇಂಟ್ ಜಾರ್ಜ್ ಆ ಸ್ಕ್ವಾಡ್ರನ್ನಿನ ನೆಲೆ. ಅದು ಕೆನಡಾದವರದ್ದೇ ಆದ 6ನೇ ಗ್ರೂಪಿಗೆ ಸೇರಿತ್ತು. ಆದರೆ ಆ ಗ್ರೂಪು ಬ್ರಿಟನ್ನಿನ ಬಾಂಬರ್ ಕಮಾಂಡ್ ಎಂಬ ದೊಡ್ಡ ವ್ಯವಸ್ಥೆಯ ಅಧೀನದಲ್ಲಿ ಕೆಲಸ ಮಾಡುತ್ತಿತ್ತು.

ಬಾಂಬರ್ ಕಮಾಂಡ್ ರಾತ್ರಿಯಲ್ಲೇ ಏಕೆ ಹಾರುತ್ತಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಯುದ್ಧದ ಆರಂಭದಲ್ಲಿ ಬ್ರಿಟನ್ ಹಗಲಿನಲ್ಲೇ ದಾಳಿಗೆ ಪ್ರಯತ್ನಿಸಿತ್ತು. 1939ರ ಡಿಸೆಂಬರ್ 18ರಂದು ವಿಲ್ಹೆಲ್ಮ್‌ಸ್‌ಹಾಫನ್ ಕಡೆಗೆ ಹೋದ ಎರಡು ಡಜನ್‌ನಷ್ಟು ವೆಲಿಂಗ್ಟನ್ ವಿಮಾನಗಳಲ್ಲಿ ಸುಮಾರು ಅರ್ಧದಷ್ಟನ್ನು ಜರ್ಮನ್ ಫೈಟರುಗಳು ಕೆಡವಿದವು. ಅಲ್ಲಿಂದ ಮುಂದೆ ಕತ್ತಲೆಯೇ ರಕ್ಷಣೆಯಾಯಿತು. ಕತ್ತಲಲ್ಲಿ ಗುರಿ ಕಾಣುವುದಿಲ್ಲ ಎಂಬ ತೊಂದರೆ ದಾಳಿಗಳ ನಿಖರತೆಯನ್ನು ಪರಿಶೀಲಿಸಿದ 1941ರ ಬಟ್ ವರದಿಯಲ್ಲಿ ಬಯಲಾಯಿತು: ಗುರಿಗೆ ಬಾಂಬ್ ಹಾಕಿದ್ದೇವೆಂದು ವರದಿ ಮಾಡಿದ ವಿಮಾನಗಳಲ್ಲಿ ಮೂರನೆಯ ಒಂದು ಭಾಗ ಮಾತ್ರ ಗುರಿಯ ಐದು ಮೈಲಿಯೊಳಗೆ ಬಾಂಬ್ ಹಾಕಿದ್ದವು. ಆಮೇಲೆ ರೇಡಿಯೊ ಉಪಕರಣಗಳು, ಗುರಿ ತೋರಿಸಲು ಬಣ್ಣದ ಬೆಳಕಿನ ಬಾಣಗಳನ್ನು ಬೀಳಿಸುವ ವಿಶೇಷ ದಳಗಳು ಬಂದವು. ಜರ್ಮನಿಯೂ ಸುಮ್ಮನಿರಲಿಲ್ಲ, ರೇಡಾರ್ ಹೊತ್ತ ರಾತ್ರಿ ಫೈಟರುಗಳನ್ನು ಬೆಳೆಸಿತು. 1944ರ ಮಾರ್ಚ್ 30ರ ರಾತ್ರಿ ನ್ಯೂರೆಂಬರ್ಗ್ ಮೇಲಿನ ಒಂದೇ ದಾಳಿಯಲ್ಲಿ, ಹೋಗಿದ್ದ 795 ಬಾಂಬರುಗಳ ಪೈಕಿ 95 ನಾಶವಾದವು.

ಒಬ್ಬ ಸಿಬ್ಬಂದಿ ಒಂದು ಸರದಿ ಮುಗಿಸಬೇಕಾದರೆ ಸಾಮಾನ್ಯವಾಗಿ 30 ದಾಳಿಗಳನ್ನು ಪೂರೈಸಬೇಕಿತ್ತು. ಪ್ರತಿ ದಾಳಿಯಲ್ಲೂ ನೂರಕ್ಕೆ ನಾಲ್ಕು ವಿಮಾನ ಮರಳುವುದಿಲ್ಲ ಎಂದು ಇಟ್ಟುಕೊಂಡರೆ, ಒಂದು ರಾತ್ರಿಯ ಮಟ್ಟಿಗೆ ಅದು ಭಯಪಡಬೇಕಾದ ಪ್ರಮಾಣ ಅನ್ನಿಸದು. ಆದರೆ ಅದೇ ಲೆಕ್ಕ ಮೂವತ್ತು ಸಲ ಒಂದರ ಮೇಲೊಂದು ಬಿದ್ದಾಗ, ಹೊರಟ ನೂರು ಸಿಬ್ಬಂದಿ ತಂಡಗಳಲ್ಲಿ ಸರದಿ ಮುಗಿಸಿ ಉಳಿಯುವವು ಮೂವತ್ತಕ್ಕಿಂತಲೂ ಕಡಿಮೆ. ಇಡೀ ಯುದ್ಧದಲ್ಲಿ ಬಾಂಬರ್ ಕಮಾಂಡಿನಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ 55,573 ಮಂದಿ ಸತ್ತರು; ಅವರಲ್ಲಿ ಸುಮಾರು ಹತ್ತು ಸಾವಿರ ಮಂದಿ ಕೆನಡಾದ ವಾಯುಪಡೆಯವರು.

ಇನ್ನು ವಿಮಾನದ ವಿಷಯ. ಲ್ಯಾಂಕಾಸ್ಟರ್ ನಾಲ್ಕು ಎಂಜಿನ್ನುಗಳ ವಿಮಾನ. ಅದರ ಹೊಟ್ಟೆಯ ಭಾಗದಲ್ಲಿ ಸುಮಾರು ಹತ್ತು ಮೀಟರ್ ಉದ್ದದ, ಅಡ್ಡಗೋಡೆಗಳಿಲ್ಲದ ಬಾಂಬ್ ಕೋಣೆ. ವಿಮಾನವನ್ನು ರೂಪಿಸಿದವರು ಬಾಂಬುಗಳಿಗೆ ಮೊದಲು ಜಾಗ ಕೊಟ್ಟು, ಉಳಿದದ್ದರಲ್ಲಿ ಮನುಷ್ಯರನ್ನು ಕೂರಿಸಿದರು ಎಂದರೆ ತಪ್ಪಾಗದು. ಮೂತಿಯಲ್ಲಿ ಮಲಗಿ ಗುರಿ ನೋಡುವ ಬಾಂಬ್ ಏಮರ್. ಅವನ ಹಿಂದೆ, ಮೇಲೆ, ಎಡಗಡೆ ಪೈಲಟ್. ಪಕ್ಕದಲ್ಲಿ ಮಡಚುವ ಕುರ್ಚಿಯ ಮೇಲೆ ಫ್ಲೈಟ್ ಎಂಜಿನಿಯರ್. ಬೆಳಕು ಹೊರಗೆ ಕಾಣದಂತೆ ಪರದೆ ಎಳೆದುಕೊಂಡು ನಕ್ಷೆಯ ಮೇಲೆ ಬಗ್ಗಿರುವ ನ್ಯಾವಿಗೇಟರ್. ಅವನ ಹಿಂದೆ ವೈರ್‌ಲೆಸ್ ಆಪರೇಟರ್. ಈ ಐವರೂ ಮುಂಭಾಗದಲ್ಲಿ, ಒಬ್ಬರಿಗೊಬ್ಬರು ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಇರುತ್ತಿದ್ದರು. ಅವರ ಹಿಂದೆ ಎರಡು ರೆಕ್ಕೆಗಳನ್ನು ಜೋಡಿಸುವ ದಪ್ಪನೆಯ ಲೋಹದ ತೊಲೆ ವಿಮಾನದ ಒಡಲಿಗೆ ಅಡ್ಡಲಾಗಿ ಹಾದುಹೋಗುತ್ತಿತ್ತು. ದಪ್ಪ ಉಡುಪು, ಬೂಟು, ಪ್ಯಾರಾಚೂಟಿನ ಪಟ್ಟಿಗಳನ್ನು ಹಾಕಿಕೊಂಡವನು ಕತ್ತಲಲ್ಲಿ ಅದನ್ನು ಹತ್ತಿ ದಾಟುವುದು ನೆಲದ ಮೇಲೆ ನಿಂತ ವಿಮಾನದಲ್ಲೇ ಕಷ್ಟ. ಮಗುಚುತ್ತಿರುವ ವಿಮಾನದಲ್ಲಿ ಕೇಳುವುದೇ ಬೇಡ. ಆ ತೊಲೆಯಾಚೆ, ಬೇರೆಯೇ ಲೋಕವೆಂಬಂತೆ, ಇಬ್ಬರು ಗನ್ನರುಗಳು.

ಮಿನಾರ್ಸ್ಕಿ ಮಿಡ್-ಅಪ್ಪರ್ ಗನ್ನರ್. ಅವರ ಜಾಗ ವಿಮಾನದ ಬೆನ್ನಿನ ಮೇಲೆ ಗುಳ್ಳೆಯಂತೆ ಎದ್ದಿರುವ, ಸುತ್ತ ತಿರುಗುವ ಟರೆಟ್. ಬ್ರೋಫಿ ಬಾಲದ ತುದಿಯ ಟರೆಟ್ಟಿನಲ್ಲಿ, ನಾಲ್ಕು ಬ್ರೌನಿಂಗ್ ಮೆಷಿನ್‌ಗನ್ನುಗಳ ಹಿಂದೆ, ವಿಮಾನ ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಟರೆಟ್ ಎಂದರೆ ಮನುಷ್ಯನೊಬ್ಬ ಬಂದೂಕುಗಳ ಸಮೇತ ಕೂತು ತಿರುಗುವ ಲೋಹ ಮತ್ತು ಪಾರದರ್ಶಕ ಪ್ಲಾಸ್ಟಿಕ್ಕಿನ ಗೂಡು. ಅದನ್ನು ತಿರುಗಿಸುತ್ತಿದ್ದುದು ಹೈಡ್ರಾಲಿಕ್ ಎಣ್ಣೆಯ ಒತ್ತಡ. ಆ ಒತ್ತಡವನ್ನು ಹುಟ್ಟಿಸುತ್ತಿದ್ದುದು ಎಂಜಿನ್ನಿಗೆ ಜೋಡಿಸಿದ ಪಂಪು. ಅಂದರೆ ಎಂಜಿನ್ನಿನಿಂದ ಬಾಲದ ತುದಿಯವರೆಗೆ ವಿಮಾನದ ಒಡಲಿನುದ್ದಕ್ಕೂ ಎಣ್ಣೆ ತುಂಬಿದ ಕೊಳವೆಗಳು ಹರಿದಿರುತ್ತಿದ್ದವು. ಎಂಜಿನ್ ನಿಂತರೆ ಅಥವಾ ಕೊಳವೆ ಒಡೆದರೆ ಟರೆಟ್ ಇದ್ದಲ್ಲೇ ನಿಲ್ಲುತ್ತಿತ್ತು. ಆಗ ಕೈಯಿಂದ ತಿರುಗಿಸಲು ಒಂದು ಹಿಡಿಕೆ ಇರುತ್ತಿತ್ತು.

ಹಿಂದಿನ ಟರೆಟ್ಟಿನ ಇಕ್ಕಟ್ಟಿನಲ್ಲಿ ಎದೆಗೆ ಕಟ್ಟುವ ಪ್ಯಾರಾಚೂಟ್ ಗಂಟನ್ನು ಧರಿಸಿ ಕೂರಲು ಜಾಗ ಸಾಲದು. ಹಾಗಾಗಿ ಅದನ್ನು ಟರೆಟ್ಟಿನ ಬಾಗಿಲ ಆಚೆ, ವಿಮಾನದ ಒಡಲಿನ ಗೋಡೆಗೆ ತೂಗುಹಾಕುತ್ತಿದ್ದರು. ಅಪಾಯ ಬಂದಾಗ ಗನ್ನರ್ ಟರೆಟ್ಟನ್ನು ನೇರಕ್ಕೆ ತಂದು, ಬೆನ್ನ ಹಿಂದಿನ ಜಾರುಬಾಗಿಲು ತೆಗೆದು, ಕೈಚಾಚಿ ಪ್ಯಾರಾಚೂಟ್ ಎಳೆದು ಎದೆಗೆ ಸಿಕ್ಕಿಸಿಕೊಂಡು, ಮತ್ತೆ ಟರೆಟ್ಟನ್ನು ಪಕ್ಕಕ್ಕೆ ತಿರುಗಿಸಿ, ಅದೇ ಬಾಗಿಲಿನಿಂದ ಬೆನ್ನು ಮುಂದಾಗಿ ಆಕಾಶಕ್ಕೆ ಉರುಳಬೇಕು. ಪಕ್ಕಕ್ಕೆ ತಿರುಗದಿದ್ದರೆ ಬಾಗಿಲು ತೆರೆಯುವುದು ಆಕಾಶಕ್ಕಲ್ಲ, ವಿಮಾನದ ಒಳಕ್ಕೆ. ಟರೆಟ್ ಅರ್ಧದಲ್ಲಿ ಸಿಕ್ಕಿಕೊಂಡರೆ ಒಳಕ್ಕೂ ಇಲ್ಲ, ಹೊರಕ್ಕೂ ಇಲ್ಲ.

ಅಷ್ಟು ತೊಡಕಿನ ಜಾಗದಲ್ಲಿ ಗನ್ನರನ ಕೆಲಸವೇನು? ಗುಂಡು ಹಾರಿಸುವುದೆಂದು ಯಾರಾದರೂ ಹೇಳುತ್ತಾರೆ. ವಾಸ್ತವವಾಗಿ ನೋಡುವುದೇ ಅವನ ಮುಖ್ಯ ಕೆಲಸ. ಅವನ ಬಂದೂಕಿನ 7.7 ಮಿಲಿಮೀಟರ್ ಗುಂಡುಗಳಿಗೆ ಜರ್ಮನ್ ಫೈಟರಿನ 20 ಮಿಲಿಮೀಟರ್ ಫಿರಂಗಿಯ ಮುಂದೆ ಹೆಚ್ಚು ಬೆಲೆಯಿರಲಿಲ್ಲ. ಗಂಟೆಗಟ್ಟಲೆ ಕತ್ತಲನ್ನೇ ದಿಟ್ಟಿಸುತ್ತಾ, ಕಪ್ಪಿನೊಳಗೆ ಇನ್ನಷ್ಟು ಕಪ್ಪಾದದ್ದು ಅಲುಗಿದರೆ ಪೈಲಟ್ಟಿಗೆ ಕೂಗಿ ಹೇಳುವುದು, ಪೈಲಟ್ ತಕ್ಷಣ ವಿಮಾನವನ್ನು ಶತ್ರುವಿನ ದಿಕ್ಕಿಗೇ ಕೆಳಗೆ ಧುಮುಕಿಸಿ ತಿರುಚಿ ಮೇಲೇರಿಸಿ ತಪ್ಪಿಸಿಕೊಳ್ಳುವುದು, ಇದೇ ನಿಜವಾದ ರಕ್ಷಣೆ. ಆದರೆ ಬಹುಪಾಲು ಲ್ಯಾಂಕಾಸ್ಟರುಗಳ ಹೊಟ್ಟೆಯ ಕೆಳಗೆ ನೋಡಲು ಕಣ್ಣಿರಲಿಲ್ಲ; ಅಲ್ಲಿ ಟರೆಟ್ಟೂ ಇಲ್ಲ, ಕಿಟಕಿಯೂ ಇಲ್ಲ. ಜರ್ಮನ್ ಪೈಲಟ್ಟುಗಳಿಗೆ ಅದು ಚೆನ್ನಾಗಿ ಗೊತ್ತಿತ್ತು.

1944ರ ಜೂನ್ 6ರಂದು ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದವು. ಅವುಗಳನ್ನು ಮತ್ತೆ ಸಮುದ್ರಕ್ಕೆ ತಳ್ಳಲು ಜರ್ಮನಿಗೆ ಬೇಕಾಗಿದ್ದ ಟ್ಯಾಂಕು, ಸೈನಿಕರು, ಇಂಧನ ಎಲ್ಲವೂ ಫ್ರಾನ್ಸಿನ ರೈಲು ಹಳಿಗಳ ಮೇಲೆ ಬರಬೇಕಿತ್ತು. ಆ ಹಳಿಗಳನ್ನು, ಗಾಡಿ ಜೋಡಿಸುವ ಯಾರ್ಡುಗಳನ್ನು ಒಡೆಯುವ ಯೋಜನೆ ವಸಂತದಿಂದಲೇ ನಡೆದಿತ್ತು. ಯಾರ್ಡುಗಳ ಸುತ್ತ ಫ್ರೆಂಚ್ ಜನರ ಮನೆಗಳಿದ್ದುದರಿಂದ ಈ ಯೋಜನೆಯ ಬಗ್ಗೆ ಬ್ರಿಟಿಷ್ ಪ್ರಧಾನಿ ಚರ್ಚಿಲ್ ಅವರಿಗೇ ಅಳುಕಿತ್ತು. ಸಾಮಾನ್ಯ ಜನರ ಸಾವು ಒಂದು ಮಿತಿಯನ್ನು ಮೀರಬಾರದೆಂದು ಅವರು ಪಟ್ಟು ಹಿಡಿದಿದ್ದರು. ಗುರಿ ತಪ್ಪದಿರಲೆಂದು ಬಾಂಬರುಗಳು ಜರ್ಮನಿಯ ಮೇಲೆ ಹಾರುವುದಕ್ಕಿಂತ ಎಷ್ಟೋ ಕೆಳಗೆ ಹಾರಿ ಬಾಂಬ್ ಹಾಕಬೇಕಾಗುತ್ತಿತ್ತು. ಕೆಳಗೆ ಹಾರುವ ವಿಮಾನಕ್ಕೆ ಬೆಂಕಿ ಬಿದ್ದರೆ ಜಿಗಿಯಲು ಸಿಗುವ ಸಮಯವೂ ಅಷ್ಟೇ ಕಡಿಮೆ.

ಫ್ರಾನ್ಸ್ ಸುಲಭದ ಗುರಿ ಎಂಬ ಎಣಿಕೆಯೂ ಮೇಲಿನವರಲ್ಲಿ ಒಂದು ಕಾಲಕ್ಕೆ ಇತ್ತು. ಫ್ರಾನ್ಸಿನ ಮೇಲಿನ ಹಲವು ದಾಳಿಗಳನ್ನು ಸರದಿಯ ಲೆಕ್ಕದಲ್ಲಿ ಒಂದು ದಾಳಿಯ ಮೂರನೆಯ ಒಂದು ಭಾಗವೆಂದು ಮಾತ್ರ ಎಣಿಸುತ್ತಿದ್ದರು. ಕಾಗದದ ಮೇಲೆ ಸಾವನ್ನು ಹೀಗೆ ಭಿನ್ನರಾಶಿಯಲ್ಲಿ ಬರೆಯುವುದನ್ನು ಹಾರುವವರು ಹೇಗೆ ತೆಗೆದುಕೊಂಡಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಮೇ 3ರ ರಾತ್ರಿ ಮಯ್ಯಿ-ಲೆ-ಕಾಂ ಎಂಬ ಸೇನಾನೆಲೆಯ ಮೇಲಿನ ದಾಳಿಯಲ್ಲಿ 42 ಲ್ಯಾಂಕಾಸ್ಟರುಗಳು ಬಿದ್ದ ಮೇಲೆ ಆ ಲೆಕ್ಕವನ್ನು ಕೈಬಿಡಲಾಯಿತು.

ಜೂನ್ 12ರ ರಾತ್ರಿ ಸುಮಾರು 670 ವಿಮಾನಗಳು ಆಮಿಯಾ, ಆರಾಸ್, ಕಾಂ, ಕಾಂಬ್ರೆ, ಪ್ವಾಟಿಯೆ ಕಡೆಗಳ ರೈಲು ಮತ್ತು ಸಂಚಾರ ಗುರಿಗಳಿಗೆ ಹೊರಟವು. ಅವುಗಳಲ್ಲಿ ಕೆನಡಾದಲ್ಲೇ ತಯಾರಾದ, ಕೆಬಿ726 ಎಂಬ ಸಂಖ್ಯೆಯ ಲ್ಯಾಂಕಾಸ್ಟರ್ ಒಂದು. ಪೈಲಟ್ ಆರ್ಟ್ ಡಿ ಬ್ರೇನ್, ನ್ಯಾವಿಗೇಟರ್ ಬಾಬ್ ಬೋಡಿ, ವೈರ್‌ಲೆಸ್ ಆಪರೇಟರ್ ಜಿಮ್ ಕೆಲಿ, ಫ್ಲೈಟ್ ಎಂಜಿನಿಯರ್ ರಾಯ್ ವಿಗರ್ಸ್, ಬಾಂಬ್ ಏಮರ್ ಜ್ಯಾಕ್ ಫ್ರೈಡೇ, ಗನ್ನರುಗಳಾಗಿ ಮಿನಾರ್ಸ್ಕಿ ಮತ್ತು ಬ್ರೋಫಿ. ವಿಗರ್ಸ್ ಒಬ್ಬರು ಮಾತ್ರ ಇಂಗ್ಲಿಷರು, ಉಳಿದವರೆಲ್ಲ ಕೆನಡಾದವರು. ಅದು ಆ ತಂಡದ ಹದಿಮೂರನೆಯ ದಾಳಿ. ಬಾಂಬ್ ಬೀಳಬೇಕಾಗಿದ್ದ ದಿನ ಹದಿಮೂರನೆಯ ತಾರೀಕು. ಪಾಶ್ಚಾತ್ಯರು ಹದಿಮೂರಕ್ಕೂ ಶುಕ್ರವಾರಕ್ಕೂ ಹೆದರುವುದು ಗೊತ್ತಿದ್ದವರಿಗೆ, ಬಾಂಬ್ ಏಮರನ ಹೆಸರೇ ಫ್ರೈಡೇ ಆಗಿದ್ದುದು ವಿಚಿತ್ರವೆನಿಸಬಹುದು. ಹೊರಡುವ ಮುನ್ನ ಹುಲ್ಲಿನಲ್ಲಿ ಕೂತಿದ್ದಾಗ ಮಿನಾರ್ಸ್ಕಿಗೆ ಅದೃಷ್ಟದ ಗುರುತೆಂದು ಅವರ ಕಡೆ ನಂಬುವ ನಾಲ್ಕೆಲೆಯ ಕ್ಲೋವರ್ ಸಿಕ್ಕಿತ್ತು. ಅದನ್ನು ಅವರು ಬ್ರೋಫಿಗೆ ಕೊಟ್ಟುಬಿಟ್ಟರು.

ಫ್ರಾನ್ಸಿನ ಕರಾವಳಿ ದಾಟಿದ ಮೇಲೆ ಸರ್ಚ್‌ಲೈಟುಗಳು ಒಮ್ಮೆ ವಿಮಾನವನ್ನು ಹಿಡಿದವು. ಡಿ ಬ್ರೇನ್ ತಪ್ಪಿಸಿಕೊಂಡರು. ಗುರಿಯ ಕಡೆಗೆ ಕೆಳಗಿಳಿಯುತ್ತಿದ್ದಾಗ ಬ್ರೋಫಿಗೆ ಜಂಕರ್ಸ್ 88 ಮಾದರಿಯ ಅವಳಿ ಎಂಜಿನ್ ಫೈಟರೊಂದು ಕಂಡಿತು. ಅವರು ಕೂಗಿ ಎಚ್ಚರಿಸಿದರು, ಪೈಲಟ್ ವಿಮಾನವನ್ನು ತಿರುಚಿದರು, ಬ್ರೋಫಿ ಗುಂಡು ಹಾರಿಸಿದರು. ಫೈಟರು ಕೆಳಗಿನಿಂದ ಬಂದು ಹೊಡೆಯಿತು. ಎಡ ರೆಕ್ಕೆಯ ಎರಡೂ ಎಂಜಿನ್ನುಗಳು ಕೆಟ್ಟವು, ರೆಕ್ಕೆಗೆ ಬೆಂಕಿ ಹತ್ತಿತು. ಮೂರನೆಯ ಏಟು ಬಿದ್ದದ್ದು ಒಡಲಿಗೆ, ಸರಿಯಾಗಿ ಇಬ್ಬರು ಗನ್ನರುಗಳ ನಡುವೆ. ಅಲ್ಲಿ ಹೈಡ್ರಾಲಿಕ್ ಕೊಳವೆಗಳು ಒಡೆದು, ಚೆಲ್ಲಿದ ಎಣ್ಣೆ ಹೊತ್ತಿಕೊಂಡು ಉರಿಯತೊಡಗಿತು.

ಈಗ ಮೊದಲಿನ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಸಿಗುತ್ತದೆ. ಇಂಟರ್‌ಕಾಮ್ ಸತ್ತುಹೋದದ್ದರಿಂದ ಮುಂದಿನವರಿಗೂ ಹಿಂದಿನವರಿಗೂ ಮಾತಿನ ಸಂಪರ್ಕ ಕಡಿಯಿತು. ಪೈಲಟ್ ಕೆಂಪು ದೀಪವನ್ನು ಮಿನುಗಿಸಿ, ಮೋರ್ಸಿನಲ್ಲಿ ಪ್ಯಾರಾಚೂಟ್ ಎಂಬುದರ ಮೊದಲಕ್ಷರವನ್ನು ಕಳಿಸಿ ಜಿಗಿಯಲು ಸೂಚಿಸಿದರು. ಮುಂದಿನ ಐವರಿಗೆ ಮೂತಿಯ ನೆಲದಲ್ಲಿದ್ದ ಕಿರಿದಾದ ಕಿಂಡಿಯೊಂದೇ ದಾರಿ. ಆ ಕಿಂಡಿ ತೆಗೆಯುವಾಗ ಗಾಳಿಯ ರಭಸಕ್ಕೆ ಅದರ ಮುಚ್ಚಳ ಫ್ರೈಡೇ ಮುಖಕ್ಕೆ ಬಡಿದು ಅವರು ಪ್ರಜ್ಞೆ ತಪ್ಪಿದರು. ವಿಗರ್ಸ್ ಅವರಿಗೆ ಪ್ಯಾರಾಚೂಟ್ ಸಿಕ್ಕಿಸಿ, ಅದರ ಎಳೆ ಬಿಚ್ಚುವಂತೆ ಮಾಡಿ ಕೆಳಗೆ ತಳ್ಳಿದರು. ಲ್ಯಾಂಕಾಸ್ಟರಿನ ಈ ಕಿಂಡಿ ಎಷ್ಟು ಇಕ್ಕಟ್ಟಾಗಿತ್ತೆಂದರೆ, ಹ್ಯಾಲಿಫ್ಯಾಕ್ಸ್ ಮೊದಲಾದ ಬೇರೆ ಬಾಂಬರುಗಳಿಗೆ ಹೋಲಿಸಿದಾಗ ಹೊಡೆತ ತಿಂದ ಲ್ಯಾಂಕಾಸ್ಟರಿನಿಂದ ಜೀವಂತವಾಗಿ ಹೊರಬಂದವರ ಪ್ರಮಾಣ ಕಡಿಮೆಯಿತ್ತು. ಮುಂದೆ ಪ್ರಸಿದ್ಧ ಭೌತವಿಜ್ಞಾನಿಯಾದ ಫ್ರೀಮನ್ ಡೈಸನ್ ಆಗ ಬಾಂಬರ್ ಕಮಾಂಡಿನ ಕಾರ್ಯಾಚರಣೆ ಸಂಶೋಧನಾ ವಿಭಾಗದಲ್ಲಿದ್ದರು. ಈ ಕಿಂಡಿಯ ಅಳತೆ ಹಿರಿದಾಗಬೇಕೆಂಬ ವಾದಕ್ಕೆ ಅಧಿಕಾರಿಗಳು ಸಕಾಲದಲ್ಲಿ ಕಿವಿಗೊಡಲಿಲ್ಲವೆಂಬ ಕಹಿ ಅವರ ಬರಹಗಳಲ್ಲಿ ಕೊನೆಯವರೆಗೂ ಉಳಿಯಿತು. ಬೀಳುತ್ತಿರುವ ವಿಮಾನದಲ್ಲಿ, ತೊಲೆ ದಾಟಿ, ಬೆಂಕಿ ದಾಟಿ ಹಿಂದಕ್ಕೆ ಹೋಗುವ ಮಾತೇ ಮುಂದಿನವರ ಮುಂದೆ ಇರಲಿಲ್ಲ. ಹಿಂದೆ ಏನಾಗಿದೆಯೆಂದು ಅವರಿಗೆ ಗೊತ್ತೂ ಇರಲಿಲ್ಲ.

ಎಡ ಎಂಜಿನ್ನುಗಳು ನಿಂತದ್ದರಿಂದ, ಕೊಳವೆಗಳೂ ಒಡೆದದ್ದರಿಂದ ಬ್ರೋಫಿಯ ಟರೆಟ್ ಓರೆಯಾಗಿ ನಿಂತುಬಿಟ್ಟಿತು. ಅವರು ಬಾಗಿಲನ್ನು ಸ್ವಲ್ಪ ಬಿಡಿಸಿ, ಸಂದಿಯಿಂದ ಕೈ ತೂರಿಸಿ ಪ್ಯಾರಾಚೂಟನ್ನು ಹೇಗೋ ಎಳೆದುಕೊಂಡರು. ಟರೆಟ್ಟನ್ನು ಕೈಯಿಂದ ಪಕ್ಕಕ್ಕೆ ತಿರುಗಿಸಲು ಹೊರಟಾಗ ಹಿಡಿಕೆಯೇ ಕಿತ್ತು ಕೈಗೆ ಬಂತು. ಅಷ್ಟರಲ್ಲಿ ಮಿನಾರ್ಸ್ಕಿ ತಮ್ಮ ಟರೆಟ್ಟಿನಿಂದ ಇಳಿದು ಹಿಂಭಾಗದ ಬಾಗಿಲಿಗೆ ಬಂದಿದ್ದರು. ಜಿಗಿಯುವ ಮುನ್ನ ತಿರುಗಿ ನೋಡಿದಾಗ ಟರೆಟ್ಟಿನ ಒಳಗೆ ಒದ್ದಾಡುತ್ತಿರುವ ಬ್ರೋಫಿ ಕಣ್ಣಿಗೆ ಬಿದ್ದರು. ಮಿನಾರ್ಸ್ಕಿ ಬಾಗಿಲು ಬಿಟ್ಟು, ನಡುವೆ ಉರಿಯುತ್ತಿದ್ದ ಎಣ್ಣೆಯ ಮೇಲೆ ಮಂಡಿಯೂರಿ ತೆವಳಿಕೊಂಡು ಬಾಲದ ಕಡೆಗೆ ಬಂದರು. ಅಲ್ಲಿದ್ದ ಬೆಂಕಿ ಅನಾಹುತದ ಕೊಡಲಿಯಿಂದ ಟರೆಟ್ಟನ್ನು ಹೊಡೆದರು, ಬಾಗಿಲನ್ನು ಬರಿಗೈಯಲ್ಲಿ ಎಳೆದರು. ಅದು ಅಲುಗಲಿಲ್ಲ. ಆ ಹೊತ್ತಿಗೆ ಸೊಂಟದಿಂದ ಕೆಳಗೆ ಅವರ ಬಟ್ಟೆ ಉರಿಯುತ್ತಿತ್ತು, ಪ್ಯಾರಾಚೂಟಿಗೂ ಬೆಂಕಿ ತಗಲಿತ್ತು. ತನ್ನನ್ನು ಬಿಟ್ಟು ಹೋಗೆಂದು ಬ್ರೋಫಿ ಕೈಬೀಸಿದರು.

ಬೆಂಕಿಯ ನಡುವೆ ತಿರುಗಲು ಜಾಗವಿರಲಿಲ್ಲ. ಮಿನಾರ್ಸ್ಕಿ ಗೆಳೆಯನ ಮುಖ ನೋಡುತ್ತಲೇ ಹಿಂದಕ್ಕೆ ತೆವಳಿದರು. ಬಾಗಿಲ ಬಳಿ ಎದ್ದು ನೆಟ್ಟಗೆ ನಿಂತು, ಸೈನಿಕ ಶಿಸ್ತಿನ ಸಲಾಮು ಹೊಡೆದು, ಏನೋ ಹೇಳಿ, ಜಿಗಿದರು.

ಈ ಸಲಾಮಿನ ಬಗ್ಗೆ ತುಸು ನಿಂತು ಹೇಳಬೇಕು, ಏಕೆಂದರೆ ಓದುಗರು ಅದನ್ನು ಉತ್ಪ್ರೇಕ್ಷೆ ಎಂದುಕೊಳ್ಳುವ ಸಂಭವವಿದೆ. ಬ್ರೋಫಿ ಗನ್ನರ್ ಆಗಿದ್ದರೂ ಅಧಿಕಾರಿ ದರ್ಜೆಯವರು, ಮಿನಾರ್ಸ್ಕಿ ಅದಕ್ಕಿಂತ ಕೆಳಗಿನ ದರ್ಜೆಯವರು. ಒಂದೇ ವಿಮಾನದ ಬಾಲದಲ್ಲಿ ಸಾವನ್ನು ಹಂಚಿಕೊಳ್ಳುವ ಇಬ್ಬರೂ ನೆಲದ ಮೇಲೆ ಬೇರೆ ಬೇರೆ ಕಡೆ ಮಲಗಬೇಕು, ಬೇರೆ ಬೇರೆ ಮೆಸ್ಸುಗಳಲ್ಲಿ ಉಣ್ಣಬೇಕು ಎಂಬುದು ಬ್ರಿಟಿಷ್ ಪದ್ಧತಿ. ಇಬ್ಬರೂ ಆಪ್ತ ಗೆಳೆಯರು. ಹೊರಗೆ ಸುತ್ತಾಡಿ ಬಂದು ರಾತ್ರಿ ಬೇರೆಯಾಗುವಾಗ ಮಿನಾರ್ಸ್ಕಿ ತಮಾಷೆಗೆ ಅತಿವಿನಯ ನಟಿಸಿ, ‘ಗುಡ್ ನೈಟ್, ಸರ್’ ಎನ್ನುತ್ತಿದ್ದರು. ಬೆಂಕಿಯ ಮತ್ತು ಗಾಳಿಯ ಆರ್ಭಟದಲ್ಲಿ ಬ್ರೋಫಿಗೆ ಕೊನೆಯ ಮಾತು ಕೇಳಿಸಲಿಲ್ಲ. ತುಟಿ ಅಲುಗಿದ್ದು ಕಂಡಿತು, ಅವರು ಹೇಳಿದ್ದು ಅದೇ ಮಾತೆಂದು ತಮಗೆ ಗೊತ್ತಿತ್ತೆಂದು ಅವರು ಮುಂದೆ ಹೇಳಿದರು. ಆ ಸಲಾಮನ್ನು ಯುದ್ಧಸ್ಮಾರಕಗಳಿಗೆ ಒಪ್ಪುವ ಗಂಭೀರ ಭಂಗಿಯಾಗಿ ನೋಡುವುದಕ್ಕಿಂತ ಇಬ್ಬರು ಗೆಳೆಯರ ನಡುವಿನ ಹಳೆಯ ತಮಾಷೆಯಾಗಿ ನೋಡಿದರೆ ನಿಜಕ್ಕೆ ಹೆಚ್ಚು ಹತ್ತಿರವಾದೀತು.

ಮಿನಾರ್ಸ್ಕಿ ಉರಿಯುತ್ತಲೇ ಕೆಳಗಿಳಿದದ್ದನ್ನು ನೆಲದ ಮೇಲಿದ್ದ ಫ್ರೆಂಚ್ ಜನ ಕಂಡರು. ಅವರ ಕೈಗೆ ಸಿಕ್ಕಾಗ ಮಿನಾರ್ಸ್ಕಿಯವರಲ್ಲಿ ಇನ್ನೂ ಜೀವವಿತ್ತು, ಆದರೆ ಸುಟ್ಟಗಾಯಗಳು ಬದುಕಗೊಡುವಂಥವಾಗಿರಲಿಲ್ಲ. ಅವರಿಗೆ ಆಗ 27 ವರ್ಷ. ಆಮಿಯಾ ಪಟ್ಟಣದ ಬಳಿಯ ಮೆಹಾರಿಕೂರ್ ಊರಿನ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಇತ್ತ ಬ್ರೋಫಿ ಸಮೇತ ವಿಮಾನ ನೆಲಕ್ಕಿಳಿಯಿತು. ಎಡ ರೆಕ್ಕೆ ಮರಕ್ಕೆ ಬಡಿದು, ವಿಮಾನ ರಭಸದಿಂದ ಪಕ್ಕಕ್ಕೆ ತಿರುಗಿ, ಆ ಹೊಡೆತಕ್ಕೆ ಟರೆಟ್ಟಿನಿಂದ ಬ್ರೋಫಿ ಹೊರಕ್ಕೆ ಎಸೆಯಲ್ಪಟ್ಟರು. ಒಳಗಿದ್ದ ಬಾಂಬುಗಳಲ್ಲಿ ಹೆಚ್ಚಿನವು ಸಿಡಿಯಲಿಲ್ಲ. ಬ್ರೋಫಿಗೆ ದೊಡ್ಡ ಗಾಯವೂ ಆಗಿರಲಿಲ್ಲ. ಅವರು, ಡಿ ಬ್ರೇನ್, ಬೋಡಿ, ಕೆಲಿ ನಾಲ್ವರೂ ಫ್ರೆಂಚ್ ಪ್ರತಿರೋಧ ಚಳವಳಿಯವರ ನೆರವಿನಿಂದ ಜರ್ಮನರ ಕಣ್ಣು ತಪ್ಪಿಸಿ ಉಳಿದರು. ಫ್ರೈಡೇ ಮತ್ತು ವಿಗರ್ಸ್ ಸೆರೆಯಾದರು. ಆ ರಾತ್ರಿ ಸಂಚಾರ ಗುರಿಗಳಿಗೆ ಹೋದ ವಿಮಾನಗಳಲ್ಲಿ ಒಟ್ಟು 23 ಮರಳಲಿಲ್ಲ, ಅಂದರೆ ನೂರಕ್ಕೆ ಮೂರಕ್ಕಿಂತ ತುಸು ಹೆಚ್ಚು.

ಹಿಂದಿನ ಭಾಗದಲ್ಲಿ ನಡೆದದ್ದು ಉಳಿದ ಐವರಿಗೆ ತಿಳಿದಿರಲಿಲ್ಲ. ಬ್ರೋಫಿ 1944ರ ಸೆಪ್ಟೆಂಬರಿನಲ್ಲಿ ಲಂಡನ್ ತಲುಪಿದ ಮೇಲೆ ಗೆಳೆಯನ ಸಾವಿನ ಸುದ್ದಿ ಕೇಳಿದರು. ಅವರು ಕಂಡದ್ದನ್ನೆಲ್ಲ 1945ರಲ್ಲಿ ಡಿ ಬ್ರೇನ್ ಅವರಿಗೆ ವಿವರವಾಗಿ ಹೇಳಿದರು. ಪದಕಕ್ಕಾಗಿ ಶಿಫಾರಸು ಮಾಡುವ ಕೆಲಸವನ್ನು ಡಿ ಬ್ರೇನ್ ಕೈಗೆತ್ತಿಕೊಂಡರು. ಯುದ್ಧಭೂಮಿಯಲ್ಲಿ ಶೌರ್ಯ ತೋರಿ ಸತ್ತವರಿಗೆ ಕೊಡಲು ಆಗಿನ ಬ್ರಿಟಿಷ್ ನಿಯಮಗಳಲ್ಲಿ ಎರಡೇ ಆಯ್ಕೆ: ಒಂದೋ ಎಲ್ಲಕ್ಕಿಂತ ಮೇಲಿನ ವಿಕ್ಟೋರಿಯಾ ಕ್ರಾಸ್, ಇಲ್ಲವೇ ಎಲ್ಲಕ್ಕಿಂತ ಕೆಳಗಿನ, ವರದಿಯಲ್ಲಿ ಹೆಸರು ಸೇರಿಸುವ ಗೌರವ. ನಡುವಿನ ಪದಕಗಳು ಬದುಕಿರುವವರಿಗೆ ಮಾತ್ರ. 1946ರ ಅಕ್ಟೋಬರ್ 11ರಂದು ಮಿನಾರ್ಸ್ಕಿಯವರಿಗೆ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಯಿತು. ಪದಕವನ್ನು ವಿನಿಪೆಗ್‌ನಲ್ಲಿ ಅವರ ತಾಯಿಗೆ ಒಪ್ಪಿಸಿದರು. ವಿನಿಪೆಗ್‌ನ ಶಾಲೆಯೊಂದಕ್ಕೆ ಅವರ ಹೆಸರಿದೆ. ಮಿಡ್ಲ್‌ಟನ್ ಸೇಂಟ್ ಜಾರ್ಜ್ ನೆಲೆ ಈಗ ನಾಗರಿಕ ವಿಮಾನ ನಿಲ್ದಾಣವಾಗಿದೆ. ಅಲ್ಲಿ 2005ರಲ್ಲಿ ಅವರ ಪ್ರತಿಮೆ ನಿಲ್ಲಿಸಿದರು. ಜಗತ್ತಿನಲ್ಲಿ ಇಂದಿಗೂ ಹಾರಬಲ್ಲ ಎರಡೇ ಲ್ಯಾಂಕಾಸ್ಟರುಗಳಲ್ಲಿ ಒಂದು ಕೆನಡಾದ ಹ್ಯಾಮಿಲ್ಟನ್‌ನ ವಸ್ತುಸಂಗ್ರಹಾಲಯದಲ್ಲಿದೆ. ಅದಕ್ಕೆ ಕೆಬಿ726ರ ಬಣ್ಣ ಮತ್ತು ಗುರುತುಗಳನ್ನು ಬಳಿಯಲಾಗಿದೆ.

ಬಾಂಬರ್ ಸಿಬ್ಬಂದಿಯ ಇತರ ವಿಕ್ಟೋರಿಯಾ ಕ್ರಾಸ್ ದಾಖಲೆಗಳನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಒಂದು ಸಾಮ್ಯ ಕಾಣುತ್ತದೆ. 1945ರ ಜನವರಿ 1ರಂದು ಜಾರ್ಜ್ ಥಾಂಪ್ಸನ್ ಎಂಬ ವೈರ್‌ಲೆಸ್ ಆಪರೇಟರ್ ಇಂಥದೇ ಲ್ಯಾಂಕಾಸ್ಟರಿನಲ್ಲಿ ಇಬ್ಬರು ಗನ್ನರುಗಳನ್ನೂ ಉರಿಯುವ ಟರೆಟ್ಟುಗಳಿಂದ ಎಳೆದು ತಂದು, ಮೂರು ವಾರಗಳ ನಂತರ ಸತ್ತರು. ಅವರ ವಿಮಾನ ಮಿತ್ರಪಡೆಗಳ ಹಿಡಿತದ ಕಡೆ ಇಳಿದು, ನೋಡಿದವರು ಬದುಕಿದ್ದರು. 1944ರ ಏಪ್ರಿಲಿನಲ್ಲಿ ನಾರ್ಮನ್ ಜ್ಯಾಕ್ಸನ್ ಎಂಬ ಫ್ಲೈಟ್ ಎಂಜಿನಿಯರ್ ಹಾರುತ್ತಿರುವ ವಿಮಾನದ ರೆಕ್ಕೆಯ ಮೇಲೆ ತೆವಳಿ ಬೆಂಕಿ ಆರಿಸಲು ಹೋದದ್ದು, ಸೆರೆಯಲ್ಲಿದ್ದ ಅವರ ಸಂಗಡಿಗರು 1945ರಲ್ಲಿ ಬಿಡುಗಡೆಯಾಗಿ ಬಂದು ಹೇಳಿದ ಮೇಲೆಯೇ ಬೆಳಕಿಗೆ ಬಂತು. ಸಾಕ್ಷಿ ಮರಳಿದ ಕಡೆ ಮಾತ್ರ ದಾಖಲೆಯಿದೆ. ಇಂಗ್ಲೆಂಡಿನ ರನ್ನಿಮೀಡ್ ಸ್ಮಾರಕದ ಗೋಡೆಗಳ ಮೇಲೆ, ಸಮಾಧಿಯೇ ಗೊತ್ತಿಲ್ಲದ 20,000ಕ್ಕೂ ಹೆಚ್ಚು ವಾಯುಪಡೆಯವರ ಹೆಸರುಗಳಿವೆ. ಅವರಲ್ಲಿ ಅನೇಕರ ವಿಮಾನಗಳಿಂದ ಒಬ್ಬರೂ ಮರಳಲಿಲ್ಲ. ಕೆಬಿ726ರ ರೆಕ್ಕೆ ಆ ಮರವನ್ನು ತಪ್ಪಿಸಿ ಮುಂದೆ ಹೋಗಿದ್ದರೆ ಬ್ರೋಫಿಯೂ ಟರೆಟ್ಟಿನಲ್ಲೇ ಸಾಯುತ್ತಿದ್ದರು. ಆಗ ಡಿ ಬ್ರೇನ್ ಅವರ ವರದಿಯಲ್ಲಿ ಇಬ್ಬರು ಗನ್ನರುಗಳೂ ಹೊರಬರಲಾಗದೆ ಸತ್ತರು ಎಂಬ ಒಂದು ಸಾಲು ಇರುತ್ತಿತ್ತು.